ಮೂರನೆಯ ಅಂಕಣ

ಥಾಮಸ್ ಜೆಫರ್ಸನ್ ಪಿಟೀಲು ನುಡಿಸುತ್ತಿದ್ದ. ಇಟಲಿಯ ಕೊರೆಲ್ಲಿ ಬರೆದ ಸಂಗೀತ ಅವನಿಗೆ ಅಚ್ಚುಮೆಚ್ಚು. ಮನುಷ್ಯರೆಲ್ಲ ಹುಟ್ಟಿನಿಂದಲೇ ಸಮಾನರು ಎಂಬ ಘೋಷಣೆಯನ್ನು 1776ರಲ್ಲಿ ಬರೆದದ್ದು ಪಿಟೀಲಿನ ಕಮಾನು ಹಿಡಿದ ಆ ಕೈ. ತನ್ನ ತೋಟದ ಲೆಕ್ಕದ ಪುಸ್ತಕದಲ್ಲಿ ಗುಲಾಮರ ಹೆಸರು, ಹುಟ್ಟಿದ ವರ್ಷ, ಯಾರಿಗೆ ಎಷ್ಟು ಬಟ್ಟೆ, ಯಾರಿಗೆ ಕಂಬಳಿ ಎಂದು ಸಾಲು ಸಾಲಾಗಿ ಬರೆದಿಟ್ಟದ್ದೂ ಅದೇ ಕೈ. ಜೀವಮಾನದಲ್ಲಿ ಅವನು 600ಕ್ಕೂ ಹೆಚ್ಚು ಮನುಷ್ಯರ ಒಡೆಯನಾಗಿದ್ದ.

ಅಮೆರಿಕದ ಚರಿತ್ರೆಯನ್ನೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬೆಳವಣಿಗೆಯನ್ನೂ ಅಕ್ಕಪಕ್ಕ ಕೂರಿಸಿದ ಪಟ್ಟಿಗಳನ್ನು ನೀವು ನೋಡಿರಬಹುದು. ಎಡಗಡೆಯ ಅಂಕಣದಲ್ಲಿ ಚರಿತ್ರೆ, ಬಲಗಡೆಯದರಲ್ಲಿ ಸಂಗೀತ. 1787: ಎಡಕ್ಕೆ ಫಿಲಡೆಲ್ಫಿಯಾದಲ್ಲಿ ಸಂವಿಧಾನಕ್ಕೆ ಸಹಿ, ಬಲಕ್ಕೆ ಪ್ರಾಗ್ ನಗರದಲ್ಲಿ ಮೊಜಾರ್ಟನ 'ಡಾನ್ ಜೊವಾನಿ'. 1791: ಡಿಸೆಂಬರ್ 5ಕ್ಕೆ ವಿಯೆನ್ನಾದಲ್ಲಿ ಮೊಜಾರ್ಟ್ ತೀರಿಕೊಂಡ, ಡಿಸೆಂಬರ್ 15ಕ್ಕೆ ಅಮೆರಿಕದಲ್ಲಿ ಹಕ್ಕುಗಳ ಮಸೂದೆ ಅಂಗೀಕಾರವಾಯಿತು. 1865: ಜೂನ್ 10ಕ್ಕೆ ಮ್ಯೂನಿಕ್‌ನಲ್ಲಿ ವ್ಯಾಗ್ನರನ 'ಟ್ರಿಸ್ಟಾನ್', ಜೂನ್ 19ಕ್ಕೆ ಟೆಕ್ಸಾಸ್‌ನ ಗುಲಾಮರಿಗೆ ಬಿಡುಗಡೆಯ ಸುದ್ದಿ. ಓದಲಿಕ್ಕೆ ಚೆಂದ. ಮಕ್ಕಳಿಗೆ ಬಾಯಿಪಾಠ ಮಾಡಿಸಲಿಕ್ಕೆ ಇನ್ನೂ ಚೆಂದ. ನನ್ನ ತಕರಾರು ಇಷ್ಟೇ: ಎರಡು ಅಂಕಣಗಳ ನಡುವೆ ಒಂದು ಗೆರೆ ಎಳೆದಿರುತ್ತೀರಲ್ಲ, ಆ ಗೆರೆಯ ಕೆಳಗೆ ಸಿಕ್ಕಿ ಅಪ್ಪಚ್ಚಿಯಾದವರು ಯಾರು?

1787ರ ಆ ಸಂವಿಧಾನ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯನೆಂದು ಎಣಿಸಿತು. ಆ ಎಣಿಕೆಯ ಲಾಭವೂ ಗುಲಾಮನಿಗೆ ಸಿಗಲಿಲ್ಲ. ಅವನ ತಲೆ ಎಣಿಸಿ ಸಂಸತ್ತಿನಲ್ಲಿ ಹೆಚ್ಚು ಸೀಟು ಗಿಟ್ಟಿಸಿಕೊಂಡದ್ದು ಒಡೆಯರ ರಾಜ್ಯಗಳು. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗೆ.

ಕನ್ನಡದಲ್ಲಿ ನಾವು ಈ ಸಂಗೀತಕ್ಕೆ 'ಶಾಸ್ತ್ರೀಯ' ಎಂದು ಹೆಸರಿಟ್ಟೆವು. ಶಾಸ್ತ್ರ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮಂಥವರಿಗೆ ಬಾಗಿಲು ಮುಚ್ಚುವ ಸದ್ದೇ ಮೊದಲು ಕೇಳಿಸುತ್ತದೆ. ಕೇಳಬಾರದವನು ಕೇಳಿದರೆ ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದದ್ದೂ ಶಾಸ್ತ್ರವೇ ತಾನೆ? ಹೆಸರಿಟ್ಟವರಿಗೆ ಗೊತ್ತಿತ್ತೋ ಇಲ್ಲವೋ, ಅಮೆರಿಕದ ಮಟ್ಟಿಗಂತೂ ಹೆಸರು ಸರಿಯಾಗಿಯೇ ಕೂತಿದೆ. ಅಲ್ಲಿನ ಶಾಸ್ತ್ರೀಯ ಸಂಗೀತದ ಚರಿತ್ರೆಯೆಂದರೆ ಬಾಗಿಲಿನ ಚರಿತ್ರೆ. ಹಾಡನ್ನು ಒಳಗೆ ಕರೆದರು. ಹಾಡಿದವರನ್ನು ಹೊರಗೆ ನಿಲ್ಲಿಸಿದರು.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಬರಹದಲ್ಲಿ ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂಬುದನ್ನು ತೀರ್ಮಾನಿಸುವವನು ನಾನು. ಒಡೆಯರಿಗೆ ಏಕವಚನ. ಮೊಜಾರ್ಟ್, ಬೀಥೋವನ್ನರಿಗೂ ಏಕವಚನವೇ, ಆದರೆ ಅದು ಮನೆಯವರನ್ನು ಕರೆಯುವ ಪ್ರೀತಿಯ ಏಕವಚನ. ಬಾಗಿಲಾಚೆ ನಿಂತವರಿಗೆ ಬಹುವಚನ. ಅವರ ದೇಶ ಅವರಿಗೆ ಕೊಡದ ಮರ್ಯಾದೆಯನ್ನು ನನ್ನ ಭಾಷೆಯ ವ್ಯಾಕರಣ ಕೊಡಬಲ್ಲದು.

*

ಜೆಫರ್ಸನ್ 1785ರಲ್ಲಿ ವರ್ಜೀನಿಯಾದ ಬಗ್ಗೆ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಕಪ್ಪು ಜನರ ಬಗ್ಗೆ ವೈದ್ಯ ಹೆಣ ಕುಯ್ದು ನೋಡಿದಂತೆ ಬರೆಯುತ್ತಾನೆ. ಬುದ್ಧಿಯಲ್ಲಿ ಬಿಳಿಯರಿಗಿಂತ ಕಡಿಮೆ, ಕಲ್ಪನೆಯಲ್ಲಿ ಮಂಕು ಎನ್ನುತ್ತಾನೆ. ಸಂಗೀತದ ಸರದಿ ಬಂದಾಗ ಮಾತ್ರ ಸ್ವಲ್ಪ ತಡವರಿಸುತ್ತಾನೆ. ಇವರ ಕಿವಿ ಶ್ರುತಿಗೂ ಲಯಕ್ಕೂ ಬಿಳಿಯರ ಕಿವಿಗಿಂತ ಚುರುಕು ಎಂದು ಒಪ್ಪುತ್ತಾನೆ. ಒಪ್ಪಿದ ಉಸಿರಿನಲ್ಲೇ ಬಾಗಿಲು ಹಾಕುತ್ತಾನೆ: ದೊಡ್ಡ ಹರಹಿನ ರಾಗವನ್ನೋ ಜಟಿಲವಾದ ಸ್ವರಮೇಳವನ್ನೋ ಇವರು ಕಟ್ಟಬಲ್ಲರೇ ಎಂಬುದು ಇನ್ನೂ ಸಾಬೀತಾಗಬೇಕು.

ಸಾಬೀತು ಬೇಕಿತ್ತೇ? ಆ ಪುಸ್ತಕ ಅಚ್ಚಾದದ್ದು ಪ್ಯಾರಿಸ್‌ನಲ್ಲಿ. ಜೆಫರ್ಸನ್ ಆಗ ಇದ್ದದ್ದೂ ಪ್ಯಾರಿಸ್‌ನಲ್ಲೇ. ಅದೇ ಊರಿನಲ್ಲಿ ಜೋಸೆಫ್ ಬೊಲೋನ್ ಇದ್ದರು, ಶೆವಾಲಿಯೇ ಸೇಂಟ್ ಜಾರ್ಜ್ ಎಂಬ ಬಿರುದಿನವರು. ಗ್ವಾಡಲೂಪ್ ದ್ವೀಪದಲ್ಲಿ ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ಪಿಟೀಲು ಕಚೇರಿಗಳಿಗೆ ತಾವೇ ಕೃತಿ ಬರೆದವರು, ಆಪೆರಾ ಬರೆದವರು. ಹೇಡನ್‌ನ ಆರು ಪ್ಯಾರಿಸ್ ಸಿಂಫನಿಗಳನ್ನು ಮೊದಲು ನುಡಿಸಿದ ವಾದ್ಯವೃಂದದ ನಾಯಕರು. ಪ್ಯಾರಿಸ್ ಆಪೆರಾದ ನಿರ್ದೇಶಕರ ಹುದ್ದೆಗೆ ಅವರ ಹೆಸರು ಕೇಳಿಬಂದಾಗ ಗಾಯಕಿಯರೂ ನರ್ತಕಿಯರೂ ರಾಣಿಗೆ ಅರ್ಜಿ ಕೊಟ್ಟರು: ಕಪ್ಪು ರಕ್ತದವನ ಕೈಕೆಳಗೆ ನಾವು ಕೆಲಸ ಮಾಡಲಾರೆವು. ಅದು ನಡೆದದ್ದು 1776ರಲ್ಲಿ. ಹೌದು, ಸಮಾನತೆಯ ಘೋಷಣೆಯ ವರ್ಷವೇ.

1803ರಲ್ಲಿ ಜೆಫರ್ಸನ್ ರಾಷ್ಟ್ರಾಧ್ಯಕ್ಷ. ಫ್ರಾನ್ಸಿನಿಂದ ಲೂಯಿಸಿಯಾನ ಕೊಂಡು ದೇಶದ ನೆಲವನ್ನು ದುಪ್ಪಟ್ಟು ಮಾಡಿದ. ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಬೀಥೋವನ್ ಪಿಯಾನೊ ಮುಂದೆ ಕೂತ, ಪಕ್ಕದಲ್ಲಿ ಆಫ್ರಿಕಾ ಮೂಲದ ಜಾರ್ಜ್ ಬ್ರಿಜ್‌ಟವರ್ ಪಿಟೀಲು ಹಿಡಿದು ನಿಂತರು. ಅವರಿಗಾಗಿಯೇ ಬರೆದ ಸೊನಾಟಾ ಅದು. ಆಮೇಲೆ ಇಬ್ಬರಿಗೂ ಮನಸ್ತಾಪವಾಯಿತು, ಬೀಥೋವನ್ ಅರ್ಪಣೆಯ ಹೆಸರನ್ನು ಬದಲಿಸಿದ. ಇಂದು ಜಗತ್ತು ಅದನ್ನು 'ಕ್ರೊಯ್ಟ್ಸರ್ ಸೊನಾಟಾ' ಎನ್ನುತ್ತದೆ. ಕ್ರೊಯ್ಟ್ಸರ್ ಅದನ್ನು ಒಮ್ಮೆಯೂ ಕಚೇರಿಯಲ್ಲಿ ನುಡಿಸಲಿಲ್ಲ. ನುಡಿಸಿದವರ ಹೆಸರು ಅಡಿಟಿಪ್ಪಣಿ, ನುಡಿಸದವನ ಹೆಸರು ತಲೆಬರಹ.

ಜೆಫರ್ಸನ್‌ಗೆ ಸಾಕ್ಷಿ ಹುಡುಕಲು ಕಡಲು ದಾಟಬೇಕಾಗಿಯೂ ಇರಲಿಲ್ಲ. ಅವನ ಗುಲಾಮರಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಕಿರಿಯ ಮಗ ಎಸ್ಟನ್ ಪಿಟೀಲು ನುಡಿಸುತ್ತಿದ್ದರು. 1826ರ ಜುಲೈ 4ರಂದು, ಘೋಷಣೆಗೆ ಐವತ್ತು ತುಂಬಿದ ದಿನವೇ, ಜೆಫರ್ಸನ್ ಸತ್ತ. ಉಯಿಲಿನಲ್ಲಿ ಬಿಡುಗಡೆ ಸಿಕ್ಕಿದ ಬೆರಳೆಣಿಕೆಯ ಜನರಲ್ಲಿ ಎಸ್ಟನ್ ಒಬ್ಬರು. ಒಹಾಯೊಗೆ ಹೋಗಿ ಸಂಗೀತದಿಂದ ಹೆಸರು ಮಾಡಿದರು, ಆಮೇಲೆ ವಿಸ್ಕಾನ್ಸಿನ್‌ಗೆ ಹೋಗಿ ಬಿಳಿಯರ ನಡುವೆ ಬಿಳಿಯರಾಗಿ ಬಾಳಿದರು. 1998ರಲ್ಲಿ ಅವರ ವಂಶದವರ ಡಿಎನ್ಎ ಪರೀಕ್ಷೆಯಾಯಿತು. ಜೆಫರ್ಸನ್ ಮನೆತನದ ರಕ್ತ ಎಂದು ಬಂತು. ಎಸ್ಟನ್ ಜೆಫರ್ಸನ್‌ನ ಮಗನೇ ಎಂದು ಅವನ ತೋಟದ ಮನೆಯನ್ನು ಸ್ಮಾರಕವಾಗಿ ನಡೆಸುವ ಸಂಸ್ಥೆಯೂ ಈಗ ಒಪ್ಪಿಕೊಂಡಿದೆ. ಕಪ್ಪು ಜನರ ಸಂಗೀತ ಇನ್ನೂ ಸಾಬೀತಾಗಬೇಕು ಎಂದು ಬರೆದವನು ತನ್ನ ಮಗ ಪಿಟೀಲು ಹಿಡಿದದ್ದನ್ನು ಗುಲಾಮರ ಲೆಕ್ಕದ ಪುಸ್ತಕದ ಈಚೆಯಿಂದ ನೋಡಿದ.

*

ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಶುರುವಾದದ್ದು 1842ರಲ್ಲಿ, ಮೊದಲ ಕಚೇರಿಗೆ ಬೀಥೋವನ್ನನ ಐದನೆಯ ಸಿಂಫನಿ. ಪಟ್ಟಿಯ ಬಲ ಅಂಕಣದಲ್ಲಿ ಇದು ತಪ್ಪದೆ ಇರುತ್ತದೆ. ಹನ್ನೊಂದು ವರ್ಷದ ನಂತರ ಅದೇ ಊರಿನ ಮೆಟ್ರೊಪಾಲಿಟನ್ ಹಾಲ್‌ನಲ್ಲಿ ನಡೆದದ್ದು ಇರುವುದಿಲ್ಲ. 1853ರಲ್ಲಿ ಅಲ್ಲಿ ಹಾಡಿದವರು ಎಲಿಜಬೆತ್ ಗ್ರೀನ್‌ಫೀಲ್ಡ್. ಮಿಸಿಸಿಪಿಯಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. 'ಕಪ್ಪು ಹಂಸ' ಎಂದು ಪತ್ರಿಕೆಗಳು ಕರೆದವು. ಸಾವಿರಾರು ಜನ ಸೇರಿದ್ದರು, ಅಷ್ಟೂ ಬಿಳಿಯರು. ಕಪ್ಪು ಜನರಿಗೆ ಟಿಕೆಟ್ ಇಲ್ಲ ಎಂದು ಮೊದಲೇ ಸಾರಲಾಗಿತ್ತು. ವೇದಿಕೆಯ ಮೇಲೆ ನಿಂತವರು ತಮ್ಮದೇ ಕಚೇರಿಗೆ ಪ್ರೇಕ್ಷಕರಾಗಿ ಬರುವಂತಿರಲಿಲ್ಲ! ಗ್ರೀನ್‌ಫೀಲ್ಡ್ ತಮ್ಮ ಜನರ ಕ್ಷಮೆ ಕೇಳಿ, ಅವರ ಅನಾಥಾಲಯ ವೃದ್ಧಾಶ್ರಮಗಳಿಗಾಗಿ ಬೇರೆ ಕಚೇರಿ ಮಾಡಿದರು. ಕ್ಷಮೆ ಕೇಳಬೇಕಾದವರು ಯಾರು, ಕೇಳಿದವರು ಯಾರು ನೋಡಿ.

1863ರ ಜನವರಿ 1. ಲಿಂಕನ್‌ನ ವಿಮೋಚನೆಯ ಘೋಷಣೆ. ಬಾಸ್ಟನ್ ಮ್ಯೂಸಿಕ್ ಹಾಲ್‌ನಲ್ಲಿ ಬೀಥೋವನ್ ಸಂಗೀತದೊಡನೆ ಸಂಭ್ರಮ. ಎರಡೂ ಅಂಕಣ ಕೈಕೈ ಹಿಡಿದ ಅಪರೂಪದ ದಿನ. ಆದರೆ ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಅಂತರ್ಯುದ್ಧದ ಅದೇ ಕಾಲದಲ್ಲಿ ದಕ್ಷಿಣದ ಊರೂರುಗಳಲ್ಲಿ ಬೀಥೋವನ್ನನನ್ನು ನುಡಿಸುತ್ತಿದ್ದ ಇನ್ನೊಬ್ಬರಿದ್ದರು: ಥಾಮಸ್ ವಿಗಿನ್ಸ್. ಜಗತ್ತಿಗೆ ಗೊತ್ತಿದ್ದ ಹೆಸರು ಬ್ಲೈಂಡ್ ಟಾಮ್, ಕುರುಡ ಟಾಮ್. 1849ರಲ್ಲಿ ಜಾರ್ಜಿಯಾದಲ್ಲಿ ಗುಲಾಮರಾಗಿ ಹುಟ್ಟಿದವರು. ಕೂಸಾಗಿದ್ದಾಗಲೇ ತಂದೆತಾಯಿಯ ಜೊತೆ ಮಾರಾಟವಾದರು. ಕೊಂಡವನು ಬೆಥೂನ್ ಎಂಬವನು. ಒಮ್ಮೆ ಕೇಳಿದ್ದನ್ನು ಟಾಮ್ ಪಿಯಾನೊ ಮೇಲೆ ಹಾಗೆ ಹಾಗೇ ನುಡಿಸುತ್ತಿದ್ದರು. ಹನ್ನೊಂದು ವರ್ಷಕ್ಕೆ, 1860ರಲ್ಲಿ, ಶ್ವೇತಭವನದಲ್ಲಿ ಅಧ್ಯಕ್ಷನ ಮುಂದೆ ಕಚೇರಿ. ಯುದ್ಧ ಬಂತು. ಗುಲಾಮಗಿರಿ ಉಳಿಸಲು ಹೊರಟ ಪಕ್ಷದ ನಿಧಿಗಾಗಿ ಗುಲಾಮರಿಂದಲೇ ಪಿಯಾನೊ ನುಡಿಸಿಸಿದರು. ಯುದ್ಧ ಮುಗಿಯಿತು, ಗುಲಾಮಗಿರಿ ರದ್ದಾಯಿತು. ಟಾಮ್ ಅವರಿಗೆ ಮಾತ್ರ ಬೆಥೂನ್ ಮನೆತನದ ಹಿಡಿತದಿಂದ ಬಿಡಿಸಿಕೊಳ್ಳಲಾಗಲಿಲ್ಲ. ಮೊದಲು 'ಒಡೆತನ' ಎಂದಿದ್ದುದನ್ನು ಆಮೇಲೆ 'ಪೋಷಕತ್ವ' ಎಂದರು. ಕೋರ್ಟು ಒಪ್ಪಿತು. 1908ರಲ್ಲಿ ಸಾಯುವವರೆಗೂ ಅವರ ಬೆರಳ ದುಡಿಮೆ ಬೇರೆಯವರ ತಿಜೋರಿಗೆ ಹೋಯಿತು.

ನಮ್ಮಲ್ಲಿ ಜೀತ ರದ್ದಾದ ಮೇಲೂ ಜೀತಗಾರ ಅದೇ ಗದ್ದೆಯಲ್ಲಿ ಉಳಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1876, ಸ್ವಾತಂತ್ರ್ಯಕ್ಕೆ ನೂರು ವರ್ಷ. ಫಿಲಡೆಲ್ಫಿಯಾದಲ್ಲಿ ಭಾರೀ ಪ್ರದರ್ಶನ. ಉದ್ಘಾಟನೆಗೆ ಹೊಸ ಸಂಗೀತ ಬೇಕು. ಯಾರನ್ನು ಕೇಳುವುದು? ಐದು ವರ್ಷದ ಹಿಂದೆ ನ್ಯಾಶ್‌ವಿಲ್‌ನ ಫಿಸ್ಕ್ ಕಾಲೇಜಿನ ಹುಡುಗ ಹುಡುಗಿಯರು, ಬಹುಪಾಲು ಗುಲಾಮಗಿರಿಯಲ್ಲಿ ಹುಟ್ಟಿದವರು, ತಮ್ಮ ಹಿರಿಯರ ಹಾಡುಗಳನ್ನು ಹಾಡುತ್ತಾ ದೇಶ ಸುತ್ತಿದ್ದರು. ಇಂಗ್ಲೆಂಡಿನ ರಾಣಿಯ ಮುಂದೆ ಹಾಡಿದ್ದರು. ಗಳಿಸಿದ ದುಡ್ಡಿನಲ್ಲಿ ಕಾಲೇಜಿಗೆ ಕಟ್ಟಡವನ್ನೇ ಎತ್ತಿದ್ದರು. ಅವರ ನೆನಪು ಯಾರಿಗೂ ಬರಲಿಲ್ಲ. ಜರ್ಮನಿಯ ವ್ಯಾಗ್ನರ್‌ಗೆ 5,000 ಡಾಲರ್ ಕೊಟ್ಟು ಒಂದು ಮಾರ್ಚ್ ಬರೆಸಿಕೊಂಡರು. ಯಹೂದಿಗಳಿಗೆ ಸಂಗೀತದ ಸೃಷ್ಟಿಶಕ್ತಿಯೇ ಇಲ್ಲ ಎಂದು ಪುಸ್ತಕ ಬರೆದ ವ್ಯಾಗ್ನರ್. ಸಮಾನತೆಯ ಹುಟ್ಟುಹಬ್ಬಕ್ಕೆ ತಕ್ಕ ಪುರೋಹಿತ! ಸಂಗೀತವೂ ಕಳಪೆ, ಇಂದು ಅದನ್ನು ಯಾರೂ ಹುಡುಕಿಕೊಂಡು ಕೇಳುವುದಿಲ್ಲ. ಮರುವರ್ಷ, 1877ರಲ್ಲಿ, ದಕ್ಷಿಣದಿಂದ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡು ಕಪ್ಪು ಜನರನ್ನು ಹಳೆಯ ಒಡೆಯರ ಕೈಗೆ ಒಪ್ಪಿಸಿದರು.

*

1883ರ ಅಕ್ಟೋಬರ್‌ನಲ್ಲಿ ಮೆಟ್ರೊಪಾಲಿಟನ್ ಆಪೆರಾ ಬಾಗಿಲು ತೆರೆಯಿತು. ಹಳೆಯ ಸಭಾಂಗಣದಲ್ಲಿ ಬಾಕ್ಸ್ ಸಿಗದ ಹೊಸ ಶ್ರೀಮಂತರು ಸಿಟ್ಟಿನಿಂದ ಕಟ್ಟಿಕೊಂಡ ಮನೆ ಅದು. ಅದೇ 1883ರಲ್ಲಿ ಸರ್ಕಾರ ಮೂಲನಿವಾಸಿಗಳಿಗಾಗಿ ಒಂದು ಅಪರಾಧ ಸಂಹಿತೆ ತಂದಿತು. ಅವರ ಪೂಜೆಯ ಕುಣಿತ ಅಪರಾಧ. ಕುಣಿದರೆ ಪಡಿತರ ಕಟ್, ಇಲ್ಲವೇ ಸೆರೆ. ಬ್ರಾಡ್‌ವೇಯಲ್ಲಿ ಸಂಗೀತಕ್ಕೆ ಅರಮನೆ, ಬಯಲಿನಲ್ಲಿ ಸಂಗೀತಕ್ಕೆ ಬೇಡಿ.

ಏಳು ವರ್ಷ ಕಳೆಯಿತು. ಲಕೋಟಾ ಜನ ಕೈ ಕೈ ಹಿಡಿದು ವೃತ್ತಾಕಾರದಲ್ಲಿ ಹಾಡುತ್ತಾ ಕುಣಿದರು, ಸತ್ತ ಹಿರಿಯರು ಮರಳಿ ಬರಲಿ ಎಂದು. ಆ ಕುಣಿತಕ್ಕೆ ಸರ್ಕಾರ ಹೆದರಿತು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಹಳ್ಳದ ಬಳಿ ಏಳನೆಯ ಅಶ್ವದಳ ತೋಪು ಬಂದೂಕುಗಳಿಂದ ನೂರೈವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಹೆಂಗಸರು, ಮಕ್ಕಳು ಸೇರಿ. ಐದು ತಿಂಗಳೂ ತುಂಬಿರಲಿಲ್ಲ, 1891ರ ಮೇ 5ರಂದು ನ್ಯೂಯಾರ್ಕ್‌ನಲ್ಲಿ ಚೈಕೋವ್‌ಸ್ಕಿಯನ್ನು ಕರೆಸಿ ಕಾರ್ನೆಗಿ ಹಾಲ್ ಉದ್ಘಾಟಿಸಿದರು. ಪಟ್ಟಿಯಲ್ಲಿ ಇದು ಹೆಮ್ಮೆಯ ದಿನ.

ಆ ಹಾಲ್ ಕಟ್ಟಿಸಿದ ಆಂಡ್ರೂ ಕಾರ್ನೆಗಿಯ ದುಡ್ಡು ಎಲ್ಲಿಂದ ಬಂತು? ದಿನಕ್ಕೆ 12 ಗಂಟೆ ಕುಲುಮೆಯ ಮುಂದೆ ಬೆಂದವರ ಮೈಯಿಂದ. ಹಾಲ್ ತೆರೆದ ಮರುವರ್ಷ, 1892ರಲ್ಲಿ, ಅವನ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತ. ಕಾರ್ಮಿಕರು ಒಪ್ಪಲಿಲ್ಲ, ಬೀಗಮುದ್ರೆ ಬಿತ್ತು. ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿ ತಂಗಾಳಿ ಸವಿಯುತ್ತಿದ್ದ. ಅವನ ಪಾಲುದಾರ ಫ್ರಿಕ್ ದೋಣಿಗಳಲ್ಲಿ 300 ಬಾಡಿಗೆ ಬಂದೂಕುಗಾರರನ್ನು ಕರೆಸಿದ. ನದಿ ದಡದಲ್ಲಿ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಹೆಣ ಬಿದ್ದವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಕಾರ್ನೆಗಿ ಹಾಲ್‌ನ ಧ್ವನಿಗುಣವನ್ನು ಜಗತ್ತು ಹೊಗಳುತ್ತದೆ. ಪಿಸುಮಾತೂ ಕೊನೆಯ ಸಾಲಿಗೆ ಕೇಳಿಸುತ್ತದಂತೆ. ಹೋಮ್‌ಸ್ಟೆಡ್‌ನ ಗುಂಡಿನ ಸದ್ದೊಂದು ಕೇಳಿಸಲಿಲ್ಲ.

ಆ ಹಾಲ್‌ನಲ್ಲೇ 1893ರ ಡಿಸೆಂಬರ್ 16ರಂದು ಆಂಟನಿನ್ ಡ್ವೋರ್ಜಾಕ್ ಅವರ 'ಹೊಸ ಜಗತ್ತಿನ' ಸಿಂಫನಿ ಮೊದಲ ಸಲ ಮೊಳಗಿತು. ಇವರಿಗೆ ಬಹುವಚನ. ಬೊಹೀಮಿಯಾದ ಹಳ್ಳಿಯ ಕಸಾಯಿಯ ಮಗ, ಜರ್ಮನ್ ಯಜಮಾನಿಕೆಯ ಕೆಳಗೆ ತಮ್ಮ ನುಡಿಗಾಗಿ ಜಗ್ಗಾಡಿದ ಜನಾಂಗದವರು. ಜೀನೆಟ್ ಥರ್ಬರ್ ಎಂಬಾಕೆ ವರ್ಷಕ್ಕೆ 15,000 ಡಾಲರ್ ಸಂಬಳ ಗೊತ್ತು ಮಾಡಿ ನ್ಯೂಯಾರ್ಕ್‌ನ ತಮ್ಮ ಸಂಗೀತ ಶಾಲೆಗೆ ಅವರನ್ನು ಕರೆಸಿದ್ದರು. ಆ ಶಾಲೆ ಕಪ್ಪು ವಿದ್ಯಾರ್ಥಿಗಳಿಗೂ ತೆರೆದಿತ್ತು. ಅಲ್ಲಿ ಓದುತ್ತಿದ್ದ ಹ್ಯಾರಿ ಬರ್ಲಿ ಸಂಜೆ ಹೊತ್ತು ಡ್ವೋರ್ಜಾಕರ ಮನೆಗೆ ಹೋಗಿ ಹಾಡುತ್ತಿದ್ದರು. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದಿದ್ದ ಕುರುಡು ಅಜ್ಜನಿಂದ ಕಲಿತ ಹಾಡುಗಳು ಅವು. ಕೇಳಿ ಕೇಳಿ ಡ್ವೋರ್ಜಾಕ್ ಪತ್ರಿಕೆಯಲ್ಲಿ ಬಹಿರಂಗವಾಗಿ ಸಾರಿದರು: ಈ ದೇಶದ ಮುಂದಿನ ಸಂಗೀತಕ್ಕೆ ಬುನಾದಿ ಕಪ್ಪು ಜನರ ಹಾಡುಗಳೇ.

ಬಾಸ್ಟನ್ನಿನ ಪಂಡಿತರು ಉರಿದುಬಿದ್ದರು. ಹೊರಗಿನವನಿಗೆ ನಮ್ಮ ಮನೆಯ ಸಂಗತಿ ಏನು ಗೊತ್ತು ಎಂದರು. ಅದು ಅವರ ಮನೆಯ ಸಂಗತಿಯಲ್ಲ ಎಂಬುದೇ ತಕರಾರಾಗಿತ್ತಲ್ಲವೇ? 1896ರ ಜನವರಿಯಲ್ಲಿ ಎಡ್ವರ್ಡ್ ಮ್ಯಾಕ್‌ಡೊವೆಲ್ ಮೂಲನಿವಾಸಿಗಳ ರಾಗಗಳನ್ನು ಎತ್ತಿಕೊಂಡು ಬರೆದ 'ಇಂಡಿಯನ್ ಸ್ವೀಟ್' ಕೃತಿಯನ್ನು ಬಾಸ್ಟನ್ ಸಿಂಫನಿಯೇ ನುಡಿಸಿತು. ಕುಣಿತದ ಮೇಲಿನ ನಿಷೇಧ ಆಗಲೂ ಜಾರಿಯಲ್ಲಿತ್ತು. ರಾಗ ಕದ್ದವರಿಗೆ ಚಪ್ಪಾಳೆ, ರಾಗದ ಒಡೆಯರಿಗೆ ಸೆರೆ. ಅದೇ ವರ್ಷದ ಮೇ 18ರಂದು ಸುಪ್ರೀಂ ಕೋರ್ಟು ಪ್ಲೆಸ್ಸಿ ಮೊಕದ್ದಮೆಯಲ್ಲಿ ತೀರ್ಪಿತ್ತಿತು: ಬಿಳಿಯರಿಗೂ ಕಪ್ಪುಜನರಿಗೂ ಬೇರೆ ಬೇರೆ ಬೋಗಿ, ತಪ್ಪೇನಿಲ್ಲ. ಮುಂದಿನ 58 ವರ್ಷ ಅಮೆರಿಕದ ಪ್ರತಿ ಬಾಗಿಲ ಮೇಲೂ ಆ ತೀರ್ಪು ಫಲಕವಾಗಿ ತೂಗಿತು.

*

ಇಲ್ಲೊಂದು ಪುಸ್ತಕದ ಮಾತು ಹೇಳಬೇಕು. 1903ರಲ್ಲಿ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ತಮ್ಮ 'ಕಪ್ಪು ಜನರ ಆತ್ಮಗಳು' ಪುಸ್ತಕದ ಪ್ರತಿ ಅಧ್ಯಾಯದ ನೆತ್ತಿಯಲ್ಲೂ ಒಂದು ಕವಿತೆಯ ತುಣುಕು, ಅದರ ಕೆಳಗೆ ಗುಲಾಮರ ಹಾಡಿನ ಸ್ವರಲಿಪಿಯ ಒಂದು ಸಾಲು ಇಟ್ಟರು. ಸ್ವರ ಮಾತ್ರ, ಪದವಿಲ್ಲ. ಅದರಲ್ಲಿ ಒಂದು ಕತೆಯಿದೆ. ಓದಿದ ಕಪ್ಪು ಹುಡುಗ ಜಾನ್ ನ್ಯೂಯಾರ್ಕ್‌ನಲ್ಲಿ ಟಿಕೆಟ್ ಕೊಂಡು ವ್ಯಾಗ್ನರನ 'ಲೋಹೆಂಗ್ರಿನ್' ಕೇಳಲು ಕೂರುತ್ತಾನೆ. ಸಂಗೀತ ಅವನನ್ನು ಎತ್ತಿ ಬೇರೆ ಲೋಕಕ್ಕೆ ಒಯ್ಯುತ್ತಿರುವಾಗಲೇ ಭುಜದ ಮೇಲೆ ಬೆರಳು ತಟ್ಟುತ್ತದೆ. ಪಕ್ಕದ ಬಿಳಿಯನ ದೂರಿನ ಮೇಲೆ ಎಬ್ಬಿಸಿ ಕಳಿಸುತ್ತಾರೆ.

ಆ ಬೆರಳು ನಮಗೆ ಹೊಸದಲ್ಲ. ಅಂಬೇಡ್ಕರ್ 1913ರಿಂದ 1916ರವರೆಗೆ ಅದೇ ನ್ಯೂಯಾರ್ಕ್‌ನಲ್ಲಿ, ಕೊಲಂಬಿಯಾದಲ್ಲಿ ಓದಿದರು. 1946ರಲ್ಲಿ ಡು ಬಾಯ್ಸ್‌ಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸುತ್ತಿರುವ ಮನವಿಯ ಪ್ರತಿ ಕೇಳಿದರು. 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಅಲ್ಲಿಂದ ತಂದರು. ಅಮೆರಿಕದ ಸಂಗೀತದ ಗೊಡವೆ ಕನ್ನಡದವನಿಗೆ ಯಾಕೆ ಎನ್ನುವವರಿಗೆ ಇಷ್ಟು ಸಾಕು.

ಸ್ಕಾಟ್ ಜಾಪ್ಲಿನ್ ಅವರನ್ನು ಜಗತ್ತು ರ‍್ಯಾಗ್‌ಟೈಮ್ ರಾಜ ಎಂದಿತು. ಅವರಿಗೆ ಆಪೆರಾ ಬರೆಯುವ ಹಂಬಲ. ಹಳ್ಳಿಯ ಜನರನ್ನು ಮೌಢ್ಯದಿಂದ ಬಿಡಿಸುವ ಓದಿದ ಕಪ್ಪು ಹುಡುಗಿಯ ಕತೆ, 'ಟ್ರಿಮೊನಿಷಾ'. 1911ರಲ್ಲಿ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದರು. ಯಾವ ಆಪೆರಾ ಮನೆಯೂ ಮುಟ್ಟಲಿಲ್ಲ. ಹಾರ್ಲೆಮ್‌ನಲ್ಲಿ ವಾದ್ಯವೃಂದವಿಲ್ಲದೆ, ಪರದೆ ವೇಷಗಳಿಲ್ಲದೆ ತಾವೇ ಪಿಯಾನೊ ನುಡಿಸಿ ತೋರಿಸಿದರು. ಆ ಪೆಟ್ಟಿನಿಂದ ಏಳಲಿಲ್ಲ. 1917ರ ಏಪ್ರಿಲ್ 1ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಐದು ದಿನಕ್ಕೆ ಅಮೆರಿಕ ಪ್ರಜಾಪ್ರಭುತ್ವ ಉಳಿಸಲು ಮಹಾಯುದ್ಧಕ್ಕೆ ಇಳಿಯಿತು. ಅವರ ಗೋರಿಗೆ ಹೆಸರಿನ ಕಲ್ಲು ಬಿದ್ದದ್ದು 1974ರಲ್ಲಿ. 1976ರಲ್ಲಿ, ಸ್ವಾತಂತ್ರ್ಯದ ಇನ್ನೂರನೆಯ ವರ್ಷ, ಪುಲಿಟ್ಜರ್ ಪುರಸ್ಕಾರ. ಬದುಕಿದ್ದಾಗ ಗಂಜಿ ಹಾಕದವರು ಸತ್ತು 59 ವರ್ಷಕ್ಕೆ ಎಡೆ ಇಟ್ಟರು.

ಫ್ಲಾರೆನ್ಸ್ ಪ್ರೈಸ್ ಹುಟ್ಟಿದ್ದು ಅರ್ಕನ್ಸಾದ ಲಿಟಲ್ ರಾಕ್‌ನಲ್ಲಿ. 1927ರಲ್ಲಿ ಆ ಊರಿನಲ್ಲಿ ಬಿಳಿಯರ ಗುಂಪು ಒಬ್ಬ ಕಪ್ಪು ಮನುಷ್ಯನನ್ನು ಕೊಂದು ಬೀದಿಯಲ್ಲಿ ಸುಟ್ಟಿತು. ಪ್ರೈಸ್ ಕುಟುಂಬ ಷಿಕಾಗೊಗೆ ಹೊರಟಿತು. ಅಲ್ಲಿ 1933ರ ಜೂನ್ 15ರಂದು ಷಿಕಾಗೊ ಸಿಂಫನಿ ಅವರ ಮೊದಲ ಸಿಂಫನಿಯನ್ನು ನುಡಿಸಿತು. ದೇಶದ ದೊಡ್ಡ ವಾದ್ಯವೃಂದವೊಂದು ಕಪ್ಪು ಹೆಣ್ಣಿನ ಸಿಂಫನಿ ನುಡಿಸಿದ್ದು ಅದೇ ಮೊದಲು. ಆಮೇಲೆ? 1943ರಲ್ಲಿ ಅವರು ಬಾಸ್ಟನ್ ಸಿಂಫನಿಯ ನಿರ್ದೇಶಕ ಕೌಸೆವಿಟ್ಸ್ಕಿಗೆ ಪತ್ರ ಬರೆದರು. ನನಗೆ ಎರಡು ಊನಗಳಿವೆ, ಒಂದು ಹೆಣ್ಣಾಗಿರುವುದು, ಇನ್ನೊಂದು ಮೈಯಲ್ಲಿ ಕಪ್ಪು ರಕ್ತವಿರುವುದು ಎಂದು ತಾವೇ ಮೊದಲಿಗೆ ಹೇಳಿಕೊಂಡರು. ಕೃತಿಯನ್ನು ಕೃತಿಯಾಗಿ ನೋಡಿ ಎಂದು ಕೇಳಿಕೊಂಡರು. ಆತ ನುಡಿಸಲಿಲ್ಲ. 1953ರಲ್ಲಿ ಪ್ರೈಸ್ ತೀರಿಕೊಂಡರು. 2009ರಲ್ಲಿ ಇಲಿನಾಯ್ ರಾಜ್ಯದ ಸೇಂಟ್ ಆನ್ ಎಂಬ ಊರಲ್ಲಿ ಪಾಳುಬಿದ್ದ ಮನೆಯನ್ನು ಕೊಂಡವರು ಒಳಗೆ ಹೋಗಿ ನೋಡಿದರೆ, ಮರ ಬಿದ್ದು ಸೂರು ತೂತಾಗಿದೆ, ಮೂಲೆಯಲ್ಲಿ ಕಾಗದದ ಕಟ್ಟುಗಳು. ಎರಡು ಪಿಟೀಲು ಕಂಚರ್ಟೊ, ನಾಲ್ಕನೆಯ ಸಿಂಫನಿ. ಮಳೆ ನುಗ್ಗಿದ್ದರೆ ಅಷ್ಟೂ ಹೋಗಿತ್ತು.

ಪ್ರೈಸ್ ಹೊಂದಿಸಿದ ಒಂದು ಹಾಡನ್ನು ಮಾತ್ರ ದೇಶ ಕೇಳಲೇಬೇಕಾಗಿ ಬಂತು. 1939ರಲ್ಲಿ ವಾಷಿಂಗ್ಟನ್‌ನ ಕಾನ್‌ಸ್ಟಿಟ್ಯೂಷನ್ ಹಾಲ್, ಅಂದರೆ ಸಂವಿಧಾನ ಸಭಾಂಗಣ, ಕಪ್ಪು ಗಾಯಕಿ ಮೇರಿಯನ್ ಆಂಡರ್ಸನ್‌ಗೆ ಬಾಗಿಲು ಮುಚ್ಚಿತು. ಹಾಲ್‌ನ ಒಡತಿಯರು ಸ್ವಾತಂತ್ರ್ಯ ಹೋರಾಟಗಾರರ ವಂಶಸ್ಥರಾದ ಹೆಂಗಸರ ಸಂಘ. ಬಿಳಿಯ ಕಲಾವಿದರಿಗೆ ಮಾತ್ರ ಎಂಬುದು ಅವರ ಕರಾರು. ಏಪ್ರಿಲ್ 9ರಂದು ಆಂಡರ್ಸನ್ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಬಯಲಿನಲ್ಲಿ, 75,000 ಜನರ ಮುಂದೆ ಹಾಡಿದರು, ಪ್ರೈಸ್ ಹೊಂದಿಸಿದ ಆ ಹಾಡೂ ಸೇರಿ. ಇದನ್ನು ಪಟ್ಟಿಗಳು ಅಮೆರಿಕದ ಗೆಲುವು ಎಂದು ಬರೆದುಕೊಳ್ಳುತ್ತವೆ. ಬಾಗಿಲು ಮುಚ್ಚಿದವರ ಗೆಲುವು ಹೇಗಾದೀತು? ಮೆಟ್ರೊಪಾಲಿಟನ್ ಆಪೆರಾ ಅವರಿಗೆ ಬಾಗಿಲು ತೆಗೆದದ್ದು 1955ರ ಜನವರಿಯಲ್ಲಿ. ಆ ಮನೆ ಕಟ್ಟಿ 71 ವರ್ಷವಾಗಿತ್ತು, ಆಂಡರ್ಸನ್‌ಗೆ 58 ವರ್ಷ ಸಮೀಪಿಸಿತ್ತು. ಕಂಠದ ಹರೆಯ ಕಳೆದುಹೋಗಿತ್ತು. 1957ರಲ್ಲಿ ಸರ್ಕಾರ ಅವರನ್ನು ಭಾರತವೂ ಸೇರಿ ಏಷ್ಯಾದ ದೇಶಗಳಿಗೆ ತನ್ನ ಪ್ರಜಾಪ್ರಭುತ್ವದ ಸಾಕ್ಷಿಯಾಗಿ ಕಳಿಸಿತು. ಅದೇ ಹೊತ್ತಿಗೆ ಪ್ರೈಸ್ ಅವರ ತವರು ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ಮಕ್ಕಳನ್ನು ಶಾಲೆಯೊಳಗೆ ಕಳಿಸಲು ಸೈನ್ಯ ಬೇಕಾಯಿತು.

*

ಕೊನೆಗೆ ಎಲ್ಲಕ್ಕಿಂತ ಹೆಚ್ಚು ನನ್ನ ರಕ್ತ ಕುದಿಸುವ ಸಂಗತಿ. ಏರನ್ ಕಾಪ್‌ಲ್ಯಾಂಡ್ 1942ರಲ್ಲಿ 'ಸಾಮಾನ್ಯ ಮನುಷ್ಯನಿಗಾಗಿ ಕಹಳೆ' ಬರೆದರು. ಹಿತ್ತಾಳೆ ವಾದ್ಯಗಳೂ ನಗಾರಿಯೂ ಸೇರಿ ಮೂರು ನಿಮಿಷ. ಆ ವರ್ಷವೇ ದೇಶ ಒಂದು ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದ ಸಾಮಾನ್ಯ ಮನುಷ್ಯರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿತು. 1953ರಲ್ಲಿ ಅದೇ ಕಾಪ್‌ಲ್ಯಾಂಡರನ್ನು ಮೆಕಾರ್ಥಿಯ ಸಮಿತಿ ಕರೆಸಿ ನೀನು ಕಮ್ಯುನಿಸ್ಟೇ ಎಂದು ಕೇಳಿತು.

ನ್ಯೂಯಾರ್ಕ್‌ನಲ್ಲಿ ಸ್ಯಾನ್ ಹ್ವಾನ್ ಹಿಲ್ ಎಂಬ ಬಡಾವಣೆಯಿತ್ತು. ಕಪ್ಪು ಜನ, ಪೋರ್ಟೊರಿಕೊದವರು. ಜಾಝ್‌ನ ದಿಗ್ಗಜ ಥೆಲೋನಿಯಸ್ ಮಂಕ್ ಬೆಳೆದ ಕೇರಿ. ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ ಅದನ್ನು ಕೊಳೆಗೇರಿ ಎಂದು ಘೋಷಿಸಿದ. ಸುಮಾರು 7,000 ಕುಟುಂಬಗಳನ್ನು ಎಬ್ಬಿಸಿದರು. ಯಾಕೆ? ಫಿಲ್‌ಹಾರ್ಮೋನಿಕ್‌ಗೂ ಮೆಟ್ರೊಪಾಲಿಟನ್ ಆಪೆರಾಕ್ಕೂ ಹೊಸ ಮನೆ ಕಟ್ಟಲು. ಲಿಂಕನ್ ಸೆಂಟರ್. ಹೆಸರೂ ಲಿಂಕನ್! 1959ರ ಮೇ 14ರಂದು ಅಧ್ಯಕ್ಷ ಐಸೆನ್‌ಹೋವರ್ ಬಂದು ಗುದ್ದಲಿ ಪೂಜೆ ಮಾಡಿದ. ಬರ್ನ್‌ಸ್ಟೈನ್ ನಿರ್ದೇಶನದಲ್ಲಿ ಫಿಲ್‌ಹಾರ್ಮೋನಿಕ್ ನುಡಿಸಿತು. ಏನು ನುಡಿಸಿತು ಗೊತ್ತೇ? 'ಸಾಮಾನ್ಯ ಮನುಷ್ಯನಿಗಾಗಿ ಕಹಳೆ'. ಸಾಮಾನ್ಯ ಮನುಷ್ಯ ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದ ನೆಲದ ಮೇಲೆ, ಅವನ ಹೆಸರಿನ ಕಹಳೆ. ಕೆಡವಲು ಇಟ್ಟ ಖಾಲಿ ಬೀದಿಗಳಲ್ಲಿ 'ವೆಸ್ಟ್ ಸೈಡ್ ಸ್ಟೋರಿ' ಸಿನಿಮಾದ ಚಿತ್ರೀಕರಣವೂ ನಡೆಯಿತು. ಪೋರ್ಟೊರಿಕೊದ ಬಡವರ ಕತೆ, ಅವರನ್ನು ಎಬ್ಬಿಸಿದ ಜಾಗದಲ್ಲಿ.

ಹೊಸ ಹಾಲ್ ತೆರೆದದ್ದು 1962ರ ಸೆಪ್ಟೆಂಬರ್‌ನಲ್ಲಿ. ಫಿಲ್‌ಹಾರ್ಮೋನಿಕ್ ತನ್ನ ಮೊದಲ ಕಪ್ಪು ಖಾಯಂ ವಾದಕ ಸ್ಯಾನ್‌ಫರ್ಡ್ ಆಲನ್ ಅವರನ್ನು ಸೇರಿಸಿಕೊಂಡದ್ದೂ ಅದೇ ವರ್ಷ, ಹುಟ್ಟಿ 120 ವರ್ಷಕ್ಕೆ. 1969ರಲ್ಲಿ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿದ ದೇಶದಲ್ಲಿ ಇಬ್ಬರು ಕಪ್ಪು ವಾದಕರು, ನಮ್ಮನ್ನು ವೇದಿಕೆ ಹತ್ತಿಸುತ್ತಿಲ್ಲ ಎಂದು ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬೇಕಾಯಿತು. ಅವರಿಬ್ಬರ ದೂರನ್ನು ಆಯೋಗ ಎತ್ತಿಹಿಡಿಯಲಿಲ್ಲ. ಬದಲಿ ವಾದಕರನ್ನು ಕರೆಯುವುದರಲ್ಲಿ ತಾರತಮ್ಯ ನಡೆದಿದೆ ಎಂದು ಮಾತ್ರ ಒಪ್ಪಿತು. 2014ರ ಲೆಕ್ಕದಲ್ಲಿ ಅಮೆರಿಕದ ವಾದ್ಯವೃಂದಗಳಲ್ಲಿ ಕಪ್ಪು ವಾದಕರು ನೂರಕ್ಕೆ 1.8. ಜನಸಂಖ್ಯೆಯಲ್ಲಿ ನೂರಕ್ಕೆ 13. ಪ್ರತಿಭೆ ಇಲ್ಲದ್ದಕ್ಕೆ ಎನ್ನುವ ಪಂಡಿತರಿಗೆ ಒಂದು ಮಾತು: ಜೆಫರ್ಸನ್ ಕೂಡ ಹಾಗೇ ಬರೆದಿದ್ದ.

ಸಂಗೀತವನ್ನು ನಾನು ಬೈಯುತ್ತಿಲ್ಲ. ಡ್ವೋರ್ಜಾಕರ ಆ ಎರಡನೆಯ ಭಾಗದ ರಾಗ ಕೇಳಿದರೆ ನನಗೂ ಗಂಟಲು ಕಟ್ಟುತ್ತದೆ. ಅದಕ್ಕೇ ಸಿಟ್ಟು. ಬರ್ಲಿ ಅವರ ಅಜ್ಜನ ಹಾಡಿನಿಂದ ಎಷ್ಟೋ ಎದೆ ಕರಗಿದವು, ಬಾಗಿಲು ಮಾತ್ರ ಕರಗಲಿಲ್ಲ. ಆದ್ದರಿಂದ ಮೇಷ್ಟ್ರುಗಳಲ್ಲಿ, ಪಠ್ಯ ಬರೆಯುವವರಲ್ಲಿ ನನ್ನ ಬೇಡಿಕೆ ಒಂದೇ. ಪಟ್ಟಿಯಲ್ಲಿ ಮೂರನೆಯ ಅಂಕಣ ಎಳೆಯಿರಿ. ಬರೆದುಕೊಳ್ಳಿ:

1785, ಪ್ಯಾರಿಸ್. ಸಾಕ್ಷಿ ಅದೇ ಊರಲ್ಲಿತ್ತು. ನೋಡಲಿಲ್ಲ.

1853, ನ್ಯೂಯಾರ್ಕ್. ಹಾಡಿದವರು ಒಳಗೆ, ಅವರ ಜನ ಹೊರಗೆ.

1890, ವೂಂಡೆಡ್ ನೀ. ಹಾಡಿ ಕುಣಿದದ್ದಕ್ಕೆ ತೋಪು.

1943, ಷಿಕಾಗೊ. ಒಂದು ಪತ್ರ.

1959, ಸ್ಯಾನ್ ಹ್ವಾನ್ ಹಿಲ್. ಕಹಳೆ, 7,000 ಮನೆ.

2021, ಮೆಟ್ರೊಪಾಲಿಟನ್ ಆಪೆರಾ. ಕಪ್ಪು ಸಂಯೋಜಕರ ಮೊದಲ ಆಪೆರಾ, ಟೆರೆನ್ಸ್ ಬ್ಲಾಂಚರ್ಡ್ ಅವರದು. ಬಾಗಿಲು ತೆರೆದು 138 ವರ್ಷಕ್ಕೆ.

ಹಾಳೆಯಲ್ಲಿ ಜಾಗ ಸಾಲದಿದ್ದರೆ ಎಡಗಡೆಯ ಅಂಕಣವನ್ನು ಕಿರಿದು ಮಾಡಿ. ಅಲ್ಲಿ ಅಧ್ಯಕ್ಷರ ಹೆಸರುಗಳು ಬೇಕಾದಷ್ಟಿವೆ.